ಪಕ್ಕಕ್ಕೆ ನೋಡಿದ ತಪ್ಪು

ನಮ್ಮ ಲಾರಿಯ ಮುಂದಿನ ಗಾಜಿನ ನಟ್ಟನಡುವೆ ಬೆಂಕಿಪೊಟ್ಟಣದಷ್ಟು ದೊಡ್ಡ ಒಂದು ಕ್ಯಾಮೆರಾ ಕೂರಿಸಿದ್ದಾರೆ. ಅದರ ಮುಖ ರಸ್ತೆಯ ಕಡೆಗಿಲ್ಲ, ನಮ್ಮ ಕಡೆಗಿದೆ. ಆಕಳಿಸಿದರೆ ಕೂಗುತ್ತದೆ, ತಲೆ ಕೆರೆದುಕೊಂಡರೆ ಕೂಗುತ್ತದೆ, ಕಣ್ಣು ರಸ್ತೆ ಬಿಟ್ಟು ಪಕ್ಕಕ್ಕೆ ಹೋಯಿತೋ, ಮೈಮೇಲೆ ಬಿದ್ದ ಹಾಗೆ ಕಿರುಚುತ್ತದೆ. ಡ್ರೈವರುಗಳೆಲ್ಲ ಸೇರಿ ಅದಕ್ಕೆ ಅತ್ತೆ ಎಂದು ಹೆಸರಿಟ್ಟಿದ್ದೇವೆ. ನಿಜವಾದ ಅತ್ತೆಯಂದಿರು ಬೇಜಾರು ಮಾಡಿಕೊಳ್ಳಬಾರದು. ಅವರು ಮಧ್ಯಾಹ್ನ ಒಂದು ಗಳಿಗೆಯಾದರೂ ಕಣ್ಣು ಮುಚ್ಚುತ್ತಾರೆ.

ಬರೀ ಕಿರುಚಿದರೆ ಹೇಗೋ ಸಹಿಸಬಹುದಿತ್ತು. ಈ ಅತ್ತೆ ಚಾಡಿಯನ್ನೂ ಹೇಳುತ್ತದೆ. ನಾವು ತಪ್ಪು ಮಾಡಿದ ಆ ಚೂರು ಹೊತ್ತಿನ ವಿಡಿಯೊ ತೆಗೆದು ಆಫೀಸಿಗೊಂದು, ನಮ್ಮ ಫೋನಿಗೊಂದು ಕಳಿಸುತ್ತದೆ. ಅದರ ಕೆಳಗೆ ಒಂದು ಹಸಿರು ಗುಂಡಿ: ‘ನನ್ನ ತಪ್ಪು ಒಪ್ಪಿಕೊಂಡಿದ್ದೇನೆ.’ ಒತ್ತಿದರೆ ವಿಡಿಯೊ ಎರಡೂ ಕಡೆಯಿಂದ ಅಳಿಸಿಹೋಗುತ್ತದೆ, ಮುಂದಿನ ಲೋಡು ಸಿಗುತ್ತದೆ. ಒತ್ತದಿದ್ದರೆ ಇವತ್ತಲ್ಲ ನಾಳೆ ಲೋಡು ನಿಲ್ಲುತ್ತದೆ. ಹಾಗಾಗಿ ನಾವೆಲ್ಲ ವಿಡಿಯೊ ನೋಡುವ ಗೋಜಿಗೇ ಹೋಗದೆ, ಒಂದು ಕೈಯಲ್ಲಿ ಚಹಾದ ಲೋಟ ಹಿಡಿದು ಇನ್ನೊಂದು ಕೈಯ ಹೆಬ್ಬೆರಳಿನಲ್ಲಿ ತಪ್ಪು ಒಪ್ಪಿಕೊಂಡುಬಿಡುತ್ತೇವೆ. ಮಾಡಿದ್ದೇನು, ನಿಜವಾಗಿ ಮಾಡಿದೆವೋ ಇಲ್ಲವೋ, ಯಾರಿಗೆ ಬೇಕಾಗಿದೆ?

ಒತ್ತದೇ ಇದ್ದವನು ಇಡೀ ಕಂಪನಿಯಲ್ಲಿ ಒಬ್ಬನೇ. ನನ್ನ ಭಾವ. ನನ್ನ ಅಕ್ಕನ ಗಂಡ, ನನ್ನ ಲಾರಿಯ ಇನ್ನೊಬ್ಬ ಡ್ರೈವರು, ಭೂಮಿಯ ಮೇಲಿನ ಮಹಾ ಹಠಮಾರಿ. ವಯಸ್ಸಿನಲ್ಲಿ ನನಗಿಂತ ದೊಡ್ಡವನು. ಆದರೆ ಒಂದೇ ಕ್ಯಾಬಿನ್ನಿನಲ್ಲಿ ಒಬ್ಬರ ಗೊರಕೆ ಒಬ್ಬರು ಕೇಳಿದ ಮೇಲೆ ಹೋಗಿ-ಬನ್ನಿ ಎಲ್ಲಿ ಉಳಿಯುತ್ತದೆ?

ನಮ್ಮದು ದೂರದ ಓಡಾಟ. ದಾರಿಯನ್ನು ಅರ್ಧರ್ಧ ಹಂಚಿಕೊಂಡಿದ್ದೇವೆ. ಈಚಿನ ಅರ್ಧ ಅವನದು, ಆಚಿನ ಅರ್ಧ ನನ್ನದು. ಹೋಗುವಾಗಲೂ ಹಾಗೆ, ಬರುವಾಗಲೂ ಹಾಗೆ. ಅವನು ಓಡಿಸುವಾಗ ನಾನು ಸೀಟಿನ ಹಿಂದಿನ ಹಲಗೆಯ ಮೇಲೆ ಸತ್ತವನಂತೆ ಬಿದ್ದಿರುತ್ತೇನೆ, ನಾನು ಓಡಿಸುವಾಗ ಅವನು. ಹೀಗಾಗಿ ಇಷ್ಟು ವರ್ಷ ಒಂದೇ ಲಾರಿಯಲ್ಲಿ ಒಂದೇ ದಾರಿಯಲ್ಲಿ ತಿರುಗಿಯೂ ಅವನು ಕಂಡ ಲೋಕ ನನಗೆ ಗೊತ್ತಿಲ್ಲ, ನನ್ನದು ಅವನಿಗೆ ಗೊತ್ತಿಲ್ಲ. ಸೀಟು ಬದಲಿಸುವ ಚಹಾದಂಗಡಿಯಲ್ಲಿ ಒಬ್ಬರಿಗೊಬ್ಬರು ವರದಿ ಒಪ್ಪಿಸುತ್ತೇವೆ. ನನ್ನ ಅರ್ಧದಲ್ಲಿ ಕಲ್ಲು ಪುಡಿ ಮಾಡುವ ಯಂತ್ರಗಳಿವೆ. ಅಲ್ಲಿಯ ಮರ, ಅಲ್ಲಿಯ ನಾಯಿ, ಬೀಡಿ ಅಂಗಡಿಯವನ ಮೀಸೆ, ಎಲ್ಲವೂ ಬಿಳಿ. ರೈಲ್ವೆ ಗೇಟಿನ ಹೆಂಗಸು ಗೇಟು ಹಾಕಿ ಅಲ್ಲೇ ಕಟ್ಟೆಯ ಮೇಲೆ ಮಗಳ ತಲೆ ಬಾಚುತ್ತಾಳೆ. ಭಾವ ತನ್ನ ಅರ್ಧದ ಸುದ್ದಿ ಹೇಳುತ್ತಾನೆ. ಆಸ್ಪತ್ರೆಯ ಬೆಡ್‌ಶೀಟುಗಳನ್ನು ನದಿಯ ದಂಡೆಯಲ್ಲಿ ಒಣಹಾಕಿದ್ದರಂತೆ, ಕಣ್ಣು ಹಾಯುವಷ್ಟು ದೂರ ಬಟ್ಟೆಯೇ ಬಟ್ಟೆಯಂತೆ. ಒಂದು ಸಲ ಅಂತೂ ಬಂದವನೇ ಎದೆ ಹಿಡಿದುಕೊಂಡು ಕೂತ.

“ಏನಾಯ್ತೋ ಭಾವ?”

“ಯಾವನೋ ಬೀರುವಿನಷ್ಟು ದೊಡ್ಡ ಕನ್ನಡಿನ ಸೈಕಲ್ಲಿಗೆ ಕಟ್ಕೊಂಡು ಎದುರಿಗೆ ಬಂದ. ಅದರೊಳಗೆ ನಮ್ಮ ಲಾರಿನೇ ನನ್ನ ಮೇಲೆ ನುಗ್ತಾ ಇದೆ! ಯಾವನಪ್ಪಾ ಈ ತಲೆಕೆಟ್ಟ ಡ್ರೈವರು ಅಂತ ಬೈದು ಬ್ರೇಕ್ ಹಾಕ್ದೆ. ನೋಡಿದ್ರೆ ನಾನೇ.”

ಡ್ರೈವರಿಗೆ ಇದನ್ನೆಲ್ಲ ನೋಡುವ ಹಕ್ಕಿಲ್ಲವಂತೆ. ರಸ್ತೆ ಮಾತ್ರ ನೋಡಬೇಕಂತೆ. ಹಾಗಿದ್ದರೆ ಬಂಡಿ ಕುದುರೆಗೆ ಕಟ್ಟುವ ಕಣ್ಣುಪಟ್ಟಿಯನ್ನೇ ನಮಗೂ ಕಟ್ಟಬಹುದಿತ್ತಲ್ಲ, ಕ್ಯಾಮೆರಾದ ಖರ್ಚಾದರೂ ಉಳಿಯುತ್ತಿತ್ತು.

ಭಾವನ ತಪ್ಪುಗಳೆಲ್ಲ ಆಗುತ್ತಿದ್ದದ್ದು ಒಂದೇ ಜಾಗದಲ್ಲಿ. ಅವನ ಅರ್ಧದಲ್ಲಿ, ಹೋಗುವಾಗ ಡ್ರೈವರ್ ಕಿಟಕಿಯ ಕಡೆಗೆ, ತಂತಿ ಬೇಲಿ ಹಾಕಿದ ಒಂದು ಅಂಗಳ ಬರುತ್ತದೆ. ಹೆದ್ದಾರಿಯಲ್ಲಿ ಜಖಂ ಆದ ವಾಹನಗಳನ್ನು ತನಿಖೆ ಮುಗಿಯುವವರೆಗೆ ಅಲ್ಲಿ ತಂದು ನಿಲ್ಲಿಸುತ್ತಾರೆ. ಅಲ್ಲಿ, ಬೇಲಿಗೆ ಮೂಗು ತಾಗಿಸಿಕೊಂಡು, ಮುಖ ಜಜ್ಜಿಹೋದ ಒಂದು ಹಳದಿ ಲಾರಿ ನಿಂತಿದೆ. ಅದು ಶಿಳ್ಳೆಯಣ್ಣನದು.

ಶಿಳ್ಳೆಯಣ್ಣ ನಮ್ಮ ಕಂಪನಿಯವನೇ. ಸ್ಟಿಯರಿಂಗ್ ಹಿಡಿದರೆ ಇಳಿಯುವ ತನಕ ಶಿಳ್ಳೆ ಹೊಡೆಯುತ್ತಿದ್ದ, ಅದಕ್ಕೇ ಆ ಹೆಸರು. ನನಗೂ ಭಾವನಿಗೂ ದೊಡ್ಡ ಲಾರಿ ಓಡಿಸಲು ಕಲಿಸಿದವನು ಅವನೇ. ಅತ್ತೆಯನ್ನು ಇನ್ನೂ ಕೂರಿಸಿರದ ಅವನ ಹಳೆಯ ಲಾರಿ ಹಾಡುಹಗಲಿನಲ್ಲಿ, ನೇರವಾದ ರಸ್ತೆಯಲ್ಲಿ, ಇದ್ದಕ್ಕಿದ್ದ ಹಾಗೆ ಪಕ್ಕಕ್ಕೆ ಎಳೆದುಕೊಂಡು ಹೋಗಿ ಮೋರಿಯ ಗೋಡೆಗೆ ಗುದ್ದಿತು. ಅವನು ಅಲ್ಲೇ ಹೋದ. ತನಿಖೆಗೆ ಬಂದ ಅಧಿಕಾರಿ ಅಂಗಳದಲ್ಲಿದ್ದ ಲಾರಿಯ ಸುತ್ತ ಒಂದು ಸುತ್ತು ಹಾಕಿ, ಬ್ರೇಕು ಸರಿ, ಟೈರು ಸರಿ, ಡ್ರೈವರ್ ನಿದ್ದೆ ಮಾಡಿದ್ದಾನೆ ಎಂದು ತೀರ್ಮಾನ ಕೊಟ್ಟ. ಕಂಪನಿ ಕೈ ತೊಳೆದುಕೊಂಡಿತು. ಸತ್ತವನು ಎದ್ದು ಬಂದು ಮಾತಾಡುವುದಿಲ್ಲವಲ್ಲ, ಅವನ ತಲೆಯ ಮೇಲೆ ಗೂಬೆ ಕೂರಿಸುವುದು ಎಲ್ಲರಿಗೂ ಸಲೀಸು.

ಅಲ್ಲಿಗೇ ಮುಗಿದಿದ್ದರೆ ಒಂದು ಮಾತು. ಆ ತೀರ್ಮಾನ ಅತ್ತಿಗೆಯನ್ನು, ಅಂದರೆ ಶಿಳ್ಳೆಯಣ್ಣನ ಹೆಂಡತಿಯನ್ನು, ಒಳಗೊಳಗೇ ತಿಂದುಹಾಕಿತು. ಅವನು ಹೊರಡುವ ಹಿಂದಿನ ರಾತ್ರಿ ಅವರ ಮಗುವಿಗೆ ಜ್ವರ. ಅವನೇ ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ಕೋಣೆಯಲ್ಲೇ ಓಡಾಡಿದ್ದ. ಅತ್ತಿಗೆ ದಿನವಿಡೀ ದುಡಿದು ಸುಸ್ತಾಗಿ, ಗೋಡೆಗೆ ಒರಗಿದವರು ಹಾಗೇ ಮಲಗಿಬಿಟ್ಟಿದ್ದರು. ತೀರ್ಮಾನ ಬಂದಾಗಿನಿಂದ ಅವರದು ಒಂದೇ ಮಾತು.

“ಅವರನ್ನ ಕೊಂದಿದ್ದು ನಾನು. ನಾನು ಮಲಗಿದ್ದಕ್ಕೆ ಅವರು ಎದ್ದಿದ್ರು. ನನ್ನ ನಿದ್ದೆನೇ ಅವರನ್ನ ತಿಂತು.”

ಸಮಾಧಾನ ಹೇಳಲು ಹೋದವರಿಗೆಲ್ಲ ಇದೇ ಉತ್ತರ. ಆಮೇಲೆ ಅವರು ಹಾಸಿಗೆ ಬಿಚ್ಚುವುದನ್ನೇ ಬಿಟ್ಟರು. ಕೂತಲ್ಲೇ ತೂಕಡಿಸುವುದು, ಬೆಚ್ಚಿ ಏಳುವುದು.

ಭಾವ ಮಾತ್ರ ಮೊದಲ ದಿನದಿಂದ ಬೇರೆಯೇ ರಾಗ ತೆಗೆದಿದ್ದ. “ಅಣ್ಣ ನಿದ್ದೆ ಮಾಡ್ಲಿಲ್ಲ ಕಣೋ. ಮುಂದಿನ ಟೈರು ಸಿಡಿದಿದೆ. ಲಾರಿ ತಂದು ನಿಲ್ಸಿದ್ದಾಗ ನಾನೇ ನೋಡಿದೀನಿ. ಬರೀ ರಿಮ್ಮು, ಅದಕ್ಕೆ ರಬ್ಬರು ಚಿಂದಿಚಿಂದಿ ನೇತಾಡ್ತಿತ್ತು. ತಿರುಗಿ ಹೋಗೋ ಹೊತ್ತಿಗೆ ಟೈರು ನೆಟ್ಟಗಿದೆ!”

ಆ ಅಂಗಳ ದಾಟುವಾಗ ನಾನು ಹಲಗೆಯ ಮೇಲೆ ಬಿದ್ದಿರುವವನು, ನನಗೇನು ಗೊತ್ತು? ಒಂದು ಸಲ ಅವನಿಗೆ ಹಲ್ಲುನೋವು ಬಂದು ಅವನ ಅರ್ಧವನ್ನೂ ನಾನೇ ಓಡಿಸಿದೆ. ಲಾರಿ ನೋಡಿದೆ. ಟೈರುಗಳೆಲ್ಲ ಗುಂಡುಗುಂಡಾಗಿ ಕೂತಿದ್ದವು.

“ಭಾವ, ನಿನ್ನ ಕಣ್ಣಿಗೆ ಪೊರೆ ಬಂದಿದೆ. ಮೊದಲು ಆಸ್ಪತ್ರೆಗೆ ಹೋಗು,” ಎಂದೆ.

“ನಾನು ಕಂಡಿದ್ದು ಕಂಡಿದ್ದೇ,” ಎಂದ. ಮೂರ್ಖನಿಗೂ ಅವನಿಗೂ ಇರುವ ವ್ಯತ್ಯಾಸ ಆಗ ನನಗೆ ಕಾಣಿಸಲಿಲ್ಲ.

ಅವನು ಆ ಜಾಗ ಬಂದಾಗಲೆಲ್ಲ ತಲೆ ತಿರುಗಿಸಿ ನೋಡುತ್ತಿದ್ದ. ಹೋಗುವಾಗಲೆಲ್ಲ ಅತ್ತೆ ಕಿರುಚುತ್ತಿತ್ತು, ಅವನ ಫೋನಿಗೆ ವಿಡಿಯೊ ಬರುತ್ತಿತ್ತು. ಹಾಗೆ ನೋಡಿದರೆ ಶಿಳ್ಳೆಯಣ್ಣನ ಲಾರಿಯ ಕಡೆ ಕತ್ತು ಹೊರಳಿಸದ ಡ್ರೈವರು ನಮ್ಮಲ್ಲಿ ಯಾರಿದ್ದ? ಎಲ್ಲರಿಗೂ ವಿಡಿಯೊ ಬಂದಿತ್ತು, ಎಲ್ಲರೂ ಚಹಾ ಕುಡಿಯುತ್ತ ಒತ್ತಿ ಅಳಿಸಿದ್ದರು. ಇವನು ಮಾತ್ರ ಒತ್ತಲೊಲ್ಲ.

“ನಮ್ಮೋನ ಲಾರಿ ನೋಡಿದ್ದು ತಪ್ಪಾ? ತಪ್ಪು ಅಂತ ನನ್ನ ಕೈಯಿಂದ ಒಪ್ಪಿಸ್ತಾರಾ? ಆಗಲ್ಲ ಹೋಗು.”

ಕೊನೆಗೆ ಲೋಡು ನಿಂತಿತು. ಲಾರಿ ಇಬ್ಬರದೂ ತಾನೇ, ಅವನ ಹಠಕ್ಕೆ ನಾನೂ ಮನೆಯಲ್ಲಿ ಕೂತೆ. ನನಗೆ ತಲೆ ಕೆಟ್ಟುಹೋಯಿತು. ಅಕ್ಕನ ಹತ್ತಿರ ಹೋಗಿ ಕೂಗಾಡಿದೆ. ಅಷ್ಟರಲ್ಲಿ ಯಾರೋ ಪುಣ್ಯಾತ್ಮರು, ಆ ಅಂಗಳದ ಪಕ್ಕದ ಮನೆಯಲ್ಲಿ ಯಾವಳೋ ಇದ್ದಾಳೆ, ಅದಕ್ಕೇ ಇವನು ಕತ್ತು ಉಳುಕುವ ಹಾಗೆ ನೋಡುತ್ತಾನೆ ಎಂದು ಉಪ್ಪು ಖಾರ ಹಚ್ಚಿ ಅಕ್ಕನ ಕಿವಿಗೂ ಹಾಕಿದ್ದರು. ಅಕ್ಕ ಪಾತ್ರೆ ತಿಕ್ಕುತ್ತಲೇ ಹೇಳಿದಳು:

“ಇವರಾ? ಹೊಸ ಸೀರೆ ಉಟ್ಕೊಂಡು ಎದುರಿಗೆ ನಿಂತ್ರೆ, ಬಾಗಿಲಿಗೆ ಅಡ್ಡ ನಿಂತಿದೀಯ ಸರಿ ಅಂತಾರೆ. ಇವರು ಹೆಂಗಸರನ್ನ ನೋಡೋದು ಹೌದಾಗಿದ್ರೆ ನಾನೇ ದೇವರಿಗೆ ದೀಪ ಹಚ್ತಿದ್ದೆ. ನೀನು ಸುಮ್ನೆ ಅವರ ಜೊತೆ ಆಫೀಸಿಗೆ ಹೋಗು. ಒಬ್ಬರನ್ನೇ ಕಳಿಸಿದ್ರೆ ಬಾಯಿ ಬಿಡದೆ ಕೆಲಸ ಕಳ್ಕೊಂಡು ಬರ್ತಾರೆ.”

ಹೋದೆವು. ಆಫೀಸು ಗೋಡೌನಿನ ಮೇಲಿನ ಮಹಡಿಯಲ್ಲಿ. ಕಬ್ಬಿಣದ ಮೆಟ್ಟಿಲು, ಬಾಗಿಲಲ್ಲಿ ‘ಡ್ರೈವರುಗಳು ಚಪ್ಪಲಿ ಬಿಟ್ಟು ಒಳಬರುವುದು’ ಎಂಬ ಬೋರ್ಡು. ಡ್ರೈವರುಗಳು ಮಾತ್ರ. ಬೇರೆಯವರ ಚಪ್ಪಲಿಗೆ ದೂಳು ಹತ್ತುವುದೇ ಇಲ್ಲವೇನೋ! ಒಳಗೆ ಸುರಕ್ಷತೆಯ ಸಾಹೇಬ ಕೂತಿದ್ದ. ಡ್ರೈವರುಗಳ ಸುರಕ್ಷತೆ ನೋಡಿಕೊಳ್ಳುವವನು, ಜನ್ಮದಲ್ಲಿ ಲಾರಿಯ ಮೆಟ್ಟಿಲು ಹತ್ತಿದವನಲ್ಲ. ಕೂರಲು ಹೇಳಲಿಲ್ಲ. ಬರಿಗಾಲಿನಲ್ಲಿ, ತಣ್ಣನೆಯ ನೆಲದ ಮೇಲೆ, ಮೇಷ್ಟರ ಮುಂದೆ ನಿಂತ ಹುಡುಗರ ಹಾಗೆ ನಿಂತೆವು.

“ಪಕ್ಕಕ್ಕೆ ನೋಡೋದು, ನೋಡೋದು, ನೋಡೋದು. ಎಲ್ಲಾ ಒಂದೇ ಜಾಗದಲ್ಲಿ,” ಎಂದ ಸಾಹೇಬ. “ಏನ್ರೀ ಇದೆ ಅಲ್ಲಿ ಅಂಥಾ ಚೆಂದದ್ದು? ಒಂದು ಬಾಕಿ ಇಲ್ದಂಗೆ ಎಲ್ಲರೂ ಒಪ್ಕೋತಾರೆ, ನಿಮಗೇನು ದೊಡ್ಡ ರೋಗ? ನಿಮ್ಮ ಮುಖ ನೀವೇ ನೋಡ್ಕೊಳ್ಳಿ, ನಾಚಿಕೆಯಾದ್ರೂ ಆಗ್ಲಿ.”

ಗೋಡೆಯ ಮೇಲಿನ ದೊಡ್ಡ ಪರದೆಗೆ ವಿಡಿಯೊ ಹಾಕಿದ. ಮೊದಲ ವಿಡಿಯೊದಲ್ಲಿ ಭಾವನ ಮುಖ ಗೋಡೆಯಷ್ಟು ದೊಡ್ಡದಾಗಿ ಬಂತು. ಅತ್ತೆ ಅವನ ಎರಡೂ ಕಣ್ಣಿನ ಸುತ್ತ ಒಂದು ಕೆಂಪು ಚೌಕ ಬರೆದಿತ್ತು. ಮುಖ ಪಕ್ಕಕ್ಕೆ ತಿರುಗಿತು, ಚೌಕವೂ ತಿರುಗಿತು. ಸಾಹೇಬ ಕೋಲು ಹಿಡಿದು ಚೌಕ ತೋರಿಸಿದ. ಅವನು ನೋಡುತ್ತಿದ್ದದ್ದು ಚೌಕವನ್ನು. ಭಾವ ತಲೆ ತಗ್ಗಿಸಿ ತನ್ನ ಕಾಲ ಬೆರಳು ನೋಡುತ್ತಿದ್ದ. ನಾನು ಗೋಡೆ ನೋಡುತ್ತಿದ್ದೆ.

ಭಾವನ ಕಿವಿಯ ಹಿಂದೆ ಕಿಟಕಿ ಇತ್ತು. ಕಿಟಕಿಯಾಚೆ ಬೇಲಿ. ಬೇಲಿಗೆ ಮೂಗು ತಾಗಿಸಿಕೊಂಡ ಹಳದಿ ಲಾರಿ. ಅದರ ಮುಂದಿನ ಚಕ್ರದಲ್ಲಿ ಟೈರಿರಲಿಲ್ಲ. ಬರೀ ರಿಮ್ಮು, ರಿಮ್ಮಿನಿಂದ ನೇತಾಡುವ ರಬ್ಬರಿನ ಚಿಂದಿ.

ಸಾಹೇಬ ಎರಡನೆಯ ವಿಡಿಯೊ ಹಾಕಿದ. ಅದೇ ಮುಖ, ಅದೇ ಚೌಕ, ಅದೇ ಕಿಟಕಿ, ಅದೇ ಲಾರಿ. ಟೈರು ನೆಟ್ಟಗೆ ಕೂತಿತ್ತು. ಉಳಿದ ಟೈರುಗಳೆಲ್ಲ ಮಣ್ಣಿನ ಬಣ್ಣಕ್ಕೆ ತಿರುಗಿದ್ದರೆ ಅದೊಂದು ಕಪ್ಪಗೆ ಮಿರಮಿರ ಮಿಂಚುತ್ತಿತ್ತು.

ನನಗೆ ಸಿಟ್ಟು ಬೇಗ ಬರುತ್ತದೆ, ಎಲ್ಲರಿಗೂ ಗೊತ್ತಿರುವ ಸಂಗತಿ. ಆದರೆ ಆವತ್ತು ಬಂದದ್ದು ಅಂಥ ಸಿಟ್ಟಲ್ಲ. ಕಾಲಿನಿಂದ ನೆತ್ತಿಯವರೆಗೆ ಮೈಯೆಲ್ಲ ಉರಿದುಹೋಯಿತು.

“ನಿಲ್ಸಿ ಅದನ್ನ!” ಎಂದು ಕೂಗಿದೆ. “ಹಿಂದಿನದು ಹಾಕಿ! ಕಣ್ಣು ಬಿಟ್ಟು ನೋಡ್ರೀ ಸ್ವಾಮಿ, ಅವನ ಕಣ್ಣಲ್ಲ, ಅವನ ಹಿಂದೆ! ಆ ಟೈರು ನೋಡಿ! ಸತ್ತ ಲಾರಿಗೆ ಯಾವನ್ರೀ ಬಂದು ಹೊಸ ಟೈರು ಹಾಕಿದ್ದು? ಅದೇನು ಎದ್ದು ಲೋಡಿಗೆ ಹೋಗುತ್ತಾ?”

ಭಾವ ತಲೆ ಎತ್ತಿ ನೋಡಿದ. ಸಾಹೇಬನೂ ನೋಡಿದ. ಆಮೇಲೆ ಸಾಹೇಬ ಟಪ್ಪನೆ ಪರದೆ ಆರಿಸಿದ. ಅವನ ಬಾಯಿಂದ ಅಲ್ಲಿಯವರೆಗೆ ಬರದ ಮಾತು ಬಂತು.

“ಕೂತ್ಕೊಳ್ಳಿ, ಕೂತ್ಕೊಳ್ಳಿ. ಚಹಾ ಹೇಳ್ಲಾ?”

ನಾವು ಕೂರಲಿಲ್ಲ.

“ಬೆಳಕು ಬಿದ್ದಾಗ ಹಂಗೆ ಏನೇನೋ ಕಾಣುತ್ತೆ,” ಎಂದ. ತಿಪ್ಪೆ ಸಾರಿಸುವುದಕ್ಕೂ ಒಂದು ಮಿತಿ ಬೇಡವೇ? ಸೂರ್ಯನ ಬೆಳಕು ರಿಮ್ಮಿಗೆ ಟೈರು ತೊಡಿಸುತ್ತದಂತೆ! “ನೋಡಿ, ಆಗಿದ್ದು ಆಗಿಹೋಯ್ತು. ನಿಮ್ಮಂಥ ಹಳಬರನ್ನ ಮನೆಯಲ್ಲಿ ಕೂರಿಸೋಕೆ ನನಗೂ ಇಷ್ಟ ಇಲ್ಲ. ಇವತ್ತೇ ಲೋಡು ಕೊಡಿಸ್ತೀನಿ, ಹೊಸ ಲಾರಿ ಕೊಡಿಸ್ತೀನಿ. ಒಂದೇ ಒಂದು ಸಲ ಆ ಹಸಿರು ಗುಂಡಿ ಒತ್ತಿಬಿಡಿ, ಎಲ್ಲಾ ಸರಿಹೋಗುತ್ತೆ. ಎಲ್ಲಿ, ಫೋನ್ ಕೊಡಿ, ಬೇಕಾದ್ರೆ ನಾನೇ ಒತ್ಕೊಡ್ತೀನಿ.”

ಕೈ ಚಾಚಿದ. ಟೈರು ಹಾಕಿಸಿದ್ದು ಇವನೇ ಅಥವಾ ಇವನ ಮೇಲಿನವನು ಎಂದು ನನಗೆ ಆ ಅವಸರವೇ ಹೇಳಿತು. ಭಾವ ಫೋನನ್ನು ಅಂಗಿಯ ಒಳಜೇಬಿಗೆ ಹಾಕಿ ಮೇಲಿನ ಗುಂಡಿ ಹಾಕಿಕೊಂಡ.

“ಫೋನು ನಂದು ಸಾರ್,” ಎಂದ. “ತಪ್ಪು ನಂದಲ್ಲ.”

“ಹೊರಗೆ ಕಾಲಿಟ್ರೆ ಮತ್ತೆ ಈ ಗೇಟಿನೊಳಗೆ ಬರಬೇಡಿ.” ಸಾಹೇಬನ ದನಿ ಮೊದಲಿನಂತೆಯೇ ಆಯಿತು.

“ಚಪ್ಪಲಿ ಹಾಕ್ಕೊಂಡೇ ಬರ್ತೀವಿ ಇನ್ನೊಂದ್ಸಲ,” ಎಂದೆ ನಾನು.

ಕಬ್ಬಿಣದ ಮೆಟ್ಟಿಲ ಮೇಲೇ ನಿಂತುಕೊಂಡು, ಭಾವನ ಫೋನಿನಲ್ಲಿ ಆ ವಿಡಿಯೊಗಳನ್ನು ಓಡಿಸಿ, ನನ್ನ ಫೋನಿನಿಂದ ಅವುಗಳ ವಿಡಿಯೊ ತೆಗೆದುಕೊಂಡೆ. ಮೇಲಿನಿಂದ ಆ ಸಾಹೇಬ ಅಳಿಸಿದರೂ ಉಳಿಯಲಿ ಎಂದು. ಭಾವ ಇಷ್ಟು ದಿನ ಅವನ್ನು ತೆರೆದು ನೋಡಿಯೇ ಇರಲಿಲ್ಲ. ತನ್ನ ಮುಖ ತಾನೇನು ನೋಡುವುದು ಎಂದು ಬಿಟ್ಟಿದ್ದನಂತೆ. ಅವನ ಕಣ್ಣಲ್ಲಿ ನೀರು ತುಂಬಿತ್ತು.

“ಲೋ, ನನಗೇ ಅನುಮಾನ ಶುರುವಾಗಿತ್ತು ಕಣೋ. ನೀನೂ ಇಲ್ಲ ಅಂದೆ, ಎಲ್ಲರೂ ಇಲ್ಲ ಅಂದ್ರು. ನನಗೆ ನಿಜವಾಗ್ಲೂ ಹುಚ್ಚು ಹಿಡೀತಿದೆಯೇನೋ ಅಂದ್ಕೊಂಡಿದ್ದೆ,” ಎಂದ.

ನಾನು ಅವನ ಹೆಗಲ ಮೇಲೆ ಕೈ ಹಾಕಿದೆ. “ನಡಿ, ಅತ್ತಿಗೆ ಮನೆಗೆ,” ಎಂದೆ.

ಅತ್ತಿಗೆಯ ಮನೆ ಸೈಕಲ್ ರಿಪೇರಿ ಅಂಗಡಿಯ ಮೇಲೆ, ಒಂದೇ ಕೋಣೆ. ಅವರು ಸಿದ್ಧ ಉಡುಪಿನ ಕಾರ್ಖಾನೆಯ ಅಂಗಿಗಳಿಗೆ ಮನೆಯಲ್ಲೇ ಕೂತು ಗುಂಡಿ ಹಾಕುತ್ತಾರೆ. ಕೋಣೆಯ ಒಂದು ಮೂಲೆಯಲ್ಲಿ ಸೂರಿನವರೆಗೆ ಅಂಗಿ, ಇನ್ನೊಂದು ಮೂಲೆಯಲ್ಲಿ ಸುತ್ತಿಟ್ಟ ಹಾಸಿಗೆ. ಹಾಸಿಗೆಗೆ ಕಟ್ಟಿದ್ದ ಹಗ್ಗವನ್ನು ತಿಂಗಳುಗಳಿಂದ ಬಿಚ್ಚಿಲ್ಲವೆಂದು ನೋಡಿದರೇ ತಿಳಿಯುತ್ತಿತ್ತು. ಮಗು ನೆಲದ ಮೇಲೆ ಕೂತು ಬಣ್ಣಬಣ್ಣದ ಗುಂಡಿಗಳನ್ನು ಲೋಟದಿಂದ ಲೋಟಕ್ಕೆ ಸುರಿದು ಆಡುತ್ತಿತ್ತು.

“ಬನ್ನಿ,” ಎಂದು ಅತ್ತಿಗೆ ಅಂಗಿಗಳನ್ನು ಸರಿಸಿ ಜಾಗ ಮಾಡಿದರು. ಕಣ್ಣಿನ ಕೆಳಗೆ ಕಪ್ಪು ಇಳಿದು ಕೆನ್ನೆಯವರೆಗೆ ಬಂದಿತ್ತು. “ನನ್ನಿಂದಾಗಿ ನಿಮಗೂ ಓಡಾಟ,” ಎಂದರು. ಈ ಹೆಂಗಸು ಯಾರು ಮನೆಗೆ ಬಂದರೂ ಮೊದಲು ಕ್ಷಮೆ ಕೇಳುವುದನ್ನು ರೂಢಿ ಮಾಡಿಕೊಂಡಿದ್ದರು. ಅದನ್ನು ಕೇಳಿದಾಗಲೆಲ್ಲ ನನಗೆ ಆ ಕಂಪನಿಯವರ ಕತ್ತಿನ ಪಟ್ಟಿ ಹಿಡಿಯಬೇಕು ಅನ್ನಿಸುತ್ತಿತ್ತು.

“ಅತ್ತಿಗೆ, ಅಣ್ಣ ನಿದ್ದೆ ಮಾಡ್ಲಿಲ್ಲ,” ಎಂದ ಭಾವ.

“ಸಮಾಧಾನಕ್ಕೆ ಹೇಳ್ತೀರ ನೀವು.”

“ಸಮಾಧಾನ ಅಲ್ಲ. ಟೈರು ಸಿಡಿದಿದೆ. ನೀವೇ ನೋಡಿ.”

ಫೋನನ್ನು ಅವರ ಕೈಗೆ ಕೊಟ್ಟು ನಾನು ಬೆರಳಿಟ್ಟು ತೋರಿಸಿದೆ. ಮೊದಲನೆಯದು ನೋಡಿದರು. ಎರಡನೆಯದು ನೋಡಿದರು. ಮತ್ತೆ ಮೊದಲನೆಯದಕ್ಕೆ ಹೋದರು. ಫೋನನ್ನು ಮೂಗಿನ ಹತ್ತಿರ ತಂದುಕೊಂಡು, ದೂರ ಹಿಡಿದು, ಎಷ್ಟು ಸಲ ನೋಡಿದರೋ ಲೆಕ್ಕವಿಲ್ಲ. ಇನ್ನೇನು ಅಳುತ್ತಾರೆ ಎಂದು ನಾನು ಕಾದೆ. ಭಾವ ಆಗಲೇ ನೀರಿನ ಲೋಟ ತರಲು ಎದ್ದಿದ್ದ.

ಅವರು ಅಳಲಿಲ್ಲ. ಫೋನನ್ನು ತೊಡೆಯ ಮೇಲೆ ಇಟ್ಟುಕೊಂಡು, ಬೇರೆ ಯಾರದೋ ದನಿಯಲ್ಲಿ ಹೇಳಿದರು:

“ಅಂದ್ರೆ, ಕಂಪನಿಯವರ ಹತ್ರ ಹೊಸ ಟೈರು ಇತ್ತು.”

ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು.

“ಟೈರು ಸವೆದುಹೋಗಿದೆ, ಬದಲಾಯ್ಸಿ ಅಂತ ಇವರು ಎಷ್ಟು ಸಲ ಕೇಳಿದ್ರು ಗೊತ್ತಾ? ಇಲ್ಲೇ, ಈ ಕಿಟಕಿ ಹತ್ರ ನಿಂತು ಫೋನ್ ಮಾಡ್ತಿದ್ರು. ಸ್ಟಾಕ್ ಇಲ್ಲ, ಮುಂದಿನ ತಿಂಗಳು ನೋಡೋಣ ಅಂತಿದ್ರು ಆ ಕಡೆಯಿಂದ. ಮಗುಗೆ ಜ್ವರ ಇದ್ದ ದಿನಾನೂ ಹೆಗಲ ಮೇಲೆ ಮಗು ಇಟ್ಕೊಂಡೇ ಕೇಳಿದ್ರು. ಇಲ್ಲ ಅಂದ್ರು.” ಅತ್ತಿಗೆಯ ದನಿ ಏರಿತು. ಮಗು ಗುಂಡಿ ಸುರಿಯುವುದನ್ನು ನಿಲ್ಲಿಸಿ ತಾಯಿಯನ್ನೇ ನೋಡಿತು. “ಮನುಷ್ಯ ಓಡಿಸೋ ಲಾರಿಗೆ ಇಲ್ಲ ಅಂದ ಟೈರು, ಅವನು ಸತ್ತ ಮೇಲೆ ಎಲ್ಲಿಂದ ಬಂತು? ಇಟ್ಕೊಂಡಿದ್ರಲ್ಲ! ಇಟ್ಕೊಂಡು ಕೊಡ್ಲಿಲ್ಲವಲ್ಲ! ಇಷ್ಟು ದಿನ ನಾನು ನನ್ನನ್ನೇ ಬೈಕೊಂಡು, ನನ್ನ ಕಣ್ಣಿಗೆ ನಿದ್ದೆ ಬಂದಿದ್ದೇ ಪಾಪ ಅಂತ, ಅಯ್ಯೋ, ನಾನು ಅವರ ಆಫೀಸಿಗೆ ಹೋಗಿ ಕೈ ಮುಗಿದು ತಪ್ಪಾಯ್ತು ಅಂತ ಹೇಳಿ ಬಂದೆನಲ್ಲ! ಅವರು ಪರವಾಗಿಲ್ಲಮ್ಮ ಅಂದ್ರು. ನನಗೆ ಪರವಾಗಿಲ್ಲಮ್ಮ ಅಂದ್ರು!”

ಎದ್ದು ನಿಂತರು. ಸೂಜಿಯನ್ನು ಸೆರಗಿಗೆ ಚುಚ್ಚಿಕೊಂಡು, ಮಗುವನ್ನು ಎತ್ತಿ ಭಾವನ ತೋಳಿಗೆ ಹಾಕಿದರು. ಬಾಗಿಲ ಹತ್ತಿರ ಚಪ್ಪಲಿ ಹುಡುಕಿ ಕಾಲು ತೂರಿಸಿದರು.

“ಅತ್ತಿಗೆ, ಮೊದಲು ಆ ತನಿಖೆಯವರ ಹತ್ರ ಹೋಗೋಣ, ವಕೀಲರನ್ನ ಹಿಡಿಯೋಣ,” ಎಂದೆ. ಊರಿಗೆಲ್ಲ ಮೂಗಿನ ತುದಿಯ ಸಿಟ್ಟಿನವನು ಎನಿಸಿಕೊಂಡ ನಾನೇ ಅವರಿಗೆ ತಾಳ್ಮೆ ಹೇಳುವಂತಾಯಿತು.

“ಹೋಗೋಣ, ಅಲ್ಲಿಗೂ ಹೋಗೋಣ,” ಎಂದರು ಅತ್ತಿಗೆ. “ಮೊದಲು ನಾನು ಆ ಪರವಾಗಿಲ್ಲಮ್ಮ ಅಂದವನ ಮುಖ ಒಂದ್ಸಲ ನೋಡಬೇಕು.”

ಕೆಳಗಿಳಿದು, ಸೈಕಲ್ ಅಂಗಡಿ ದಾಟಿ, ದೊಡ್ಡ ರಸ್ತೆಗೆ ತಿರುಗಿದರು. ಹಿಂದಿರುಗಿ ನೋಡಲಿಲ್ಲ. ಮಗುವನ್ನು ಎತ್ತಿಕೊಂಡ ಭಾವನೂ ನಾನೂ ಅವರ ಹಿಂದೆ ಓಡಬೇಕಾಯಿತು.